ಸರ್ಕಾರಕ್ಕೆ ಹಾಕಿದ ನಾಲ್ಕು ಬೊಗಸೆ

ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಕೃಷಿ ಇಲಾಖೆಯ ಸಹಾಯಕ ನಿರ್ದೇಶಕರೇ, ವೇದಿಕೆಯ ಮೇಲಿರುವ ಗಣ್ಯರೇ, ಸಿಂಧನೂರು, ಮಸ್ಕಿಯಿಂದ ಈ ಏಪ್ರಿಲ್ ಬಿಸಿಲಿನಲ್ಲಿ ಬಸ್ಸು ಹಿಡಿದು ಲಿಂಗಸುಗೂರಿಗೆ ಬಂದ ನನ್ನ ಸಹೋದ್ಯೋಗಿಗಳೇ, ಮೊದಲ ಸಾಲಿನಲ್ಲಿ ಕೂತು ನನ್ನ ಹಾರ ವಾರೆಯಾಗಿದೆ ಎಂದು ಆಗಿನಿಂದ ಸನ್ನೆ ಮಾಡುತ್ತಿರುವ ನನ್ನ ಮನೆಯವರಾದ ಸೂಗಮ್ಮನವರೇ, ಹಿಂದಿನ ಎರಡು ಸಾಲುಗಳಲ್ಲಿ ಕೂತಿರುವ ಯರಿಹಾಳದ ರೈತ ಬಾಂಧವರೇ, ಸಭಿಕರೇ.

ನನಗಿಂತ ಮೊದಲು ಆರು ಜನ ಮಾತಾಡಿದರು. ಅಮರಗುಂಡಪ್ಪನವರು ಮೂವತ್ತೈದು ವರ್ಷ ಸೈಕಲ್ ಮೇಲೆ ಹಳ್ಳಿ ಸುತ್ತಿದರು ಅಂದರು. ನಮ್ಮ ಎರೆಮಣ್ಣು ಕಂಡವರಿಗೆ ಗೊತ್ತು, ನಾಲ್ಕು ಹನಿ ಬಿದ್ದರೆ ಸೈಕಲ್ಲಿನ ಗಾಲಿ ತಿರುಗುವುದಿಲ್ಲ. ಆದ್ದರಿಂದ ಅರ್ಧ ಸೇವೆ ನಾನು ಸೈಕಲ್ ಮೇಲೆ ಸುತ್ತಿದ್ದು ನಿಜ, ಉಳಿದ ಅರ್ಧ ಸೈಕಲ್ಲೇ ನನ್ನ ಹೆಗಲ ಮೇಲೆ ಕೂತು ಹಳ್ಳಿಗಳನ್ನು ನೋಡಿದೆ. ಆ ಆರು ಜನರೂ ನನ್ನನ್ನು ಪ್ರಾಮಾಣಿಕ ಅಂದರು. ನಾನು ಎಣಿಸುತ್ತಿದ್ದೆ, ಒಟ್ಟು ಹನ್ನೊಂದು ಸಲ ಅಂದರು. ಪ್ರತಿ ಸಲವೂ ನನ್ನ ಕಣ್ಣು ಯರಿಹಾಳದವರ ಸಾಲಿನ ಕಡೆ ಹೋಗುತ್ತಿತ್ತು.

ನಿವೃತ್ತಿಯ ದಿನ ಮನುಷ್ಯ ತನ್ನ ಸೇವೆಯನ್ನು ನೆನಪು ಮಾಡಿಕೊಳ್ಳಬೇಕಂತೆ. ನಾನು ಅರವತ್ತೆರಡರಲ್ಲಿ ಸಿಂಧನೂರಿನಲ್ಲಿ ಗ್ರಾಮಸೇವಕನಾಗಿ ಸೇರಿದೆ. ಕಾಲುವೆ ನೀರು ಬಂದ ಹೊಸತು. ಮುಂದೆ ಆರ್.ಎಚ್. ಕ್ಯಾಂಪಿಗೆ ಬಂಗಾಲದ ನಿರಾಶ್ರಿತ ಜನ ಬಂದರು. ಅವರ ಮಾತು ನನಗೆ ಬಾರದು, ನನ್ನ ಮಾತು ಅವರಿಗೆ ಬಾರದು. ಭತ್ತದ ಸಸಿ ಕೈಯಲ್ಲಿ ಹಿಡಿದುಕೊಂಡು ಸನ್ನೆಯಲ್ಲೇ ಎರಡು ವರ್ಷ ಕಳೆದೆವು. ಅವರ ಮನೆಯಲ್ಲಿ ನಾನು ಮೀನು ತಿಂದಿದ್ದೇನೆ. ಇದು ನಮ್ಮ ಮನೆಯಲ್ಲಿ ಈವರೆಗೆ ಗೊತ್ತಿರಲಿಲ್ಲ. ಸೂಗಮ್ಮನವರು ಸನ್ನೆ ನಿಲ್ಲಿಸಿದರು, ನೋಡಿ. ಸ್ವಲ್ಪ ತಡೆಯಿರಿ, ಮೀನಿಗಿಂತ ದೊಡ್ಡದು ಮುಂದಿದೆ. ಇವತ್ತು ಹೇಳುವ ದಿನ, ಹೇಳಿಬಿಡುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡಿದರು. ನಾನೂ ನೋಡಿದ್ದೇನೆ. ಈಗ ನಾಲ್ಕೂ ಹತ್ತು. ಸರ್ಕಾರದ ನಿಯಮದ ಪ್ರಕಾರ ನಾನು ಸಂಜೆ ಐದೂವರೆಯವರೆಗೆ ನೌಕರ. ನಾಳೆ ಹೇಳಿದರೆ ಅದು ಪಿಂಚಣಿದಾರನೊಬ್ಬ ಕಟ್ಟೆಯ ಮೇಲೆ ಕೂತು ಆಡಿದ ಮಾತಾಗುತ್ತದೆ. ಇವತ್ತು ಹೇಳಿದರೆ ನೌಕರನ ಹೇಳಿಕೆಯಾಗುತ್ತದೆ. ಆ ಒಂದು ವ್ಯತ್ಯಾಸಕ್ಕಾಗಿ ನಾನು ಈ ದಿನವನ್ನು ಕಾದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಇದಕ್ಕಿಂತ ಮೊದಲು ಹೇಳಲು ಧೈರ್ಯವಿರಲಿಲ್ಲ.

ಎಂಬತ್ತಾರನೇ ಇಸವಿಯ ಸುಗ್ಗಿ. ಆ ಹಿಂಗಾರಿಯಲ್ಲಿ ಬಿಳಿಜೋಳ ಆಳೆತ್ತರ ಬೆಳೆದಿತ್ತು. ತೆನೆ ಹೊರಡುವ ಹೊತ್ತಿಗೆ ಮೋಡ ಮುಚ್ಚಿಕೊಂಡು ಇಪ್ಪತ್ತು ದಿನ ಬಿಸಿಲೇ ಬೀಳಲಿಲ್ಲ. ತೆನೆ ನಿಂತಿತ್ತು, ಒಳಗೆ ಕಾಳು ಕಟ್ಟಲಿಲ್ಲ. ಹೋಬಳಿಯ ಇಳುವರಿ ಇಷ್ಟಕ್ಕಿಂತ ಕಡಿಮೆಯಾದರೆ ಎಕರೆಗೆ ಇಷ್ಟು ಎಂದು ಸರ್ಕಾರ ಎಲ್ಲ ರೈತರಿಗೂ ಬೆಳೆ ಸಹಾಯಧನ ಕೊಡುವುದಿತ್ತು. ಆದರೆ ಕಡಿಮೆಯಾಗಿದೆ ಎಂದು ಬಾಯಲ್ಲಿ ಹೇಳಿದರೆ ಸರ್ಕಾರ ನಂಬುತ್ತದೆಯೇ? ನಂಬುವುದಿಲ್ಲ. ಅದಕ್ಕೆ ಬೆಳೆ ಕಟಾವು ಪ್ರಯೋಗ ಮಾಡುತ್ತಿದ್ದೆವು. ಹೋಬಳಿಯಲ್ಲಿ ಹತ್ತು ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸುವುದು. ಆ ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಹಿಡಿಯುವುದು. ಅಷ್ಟರ ತೆನೆ ಕೊಯ್ದು, ಒಣಗಿಸಿ, ಬಡಿದು, ಬಂದ ಕಾಳು ತೂಗುವುದು. ಹತ್ತು ಹೊಲಗಳ ಸರಾಸರಿಯೇ ಇಡೀ ಹೋಬಳಿಯ ಹಣೆಬರಹ.

ಯರಿಹಾಳದಲ್ಲಿ ಚೀಟಿ ಬಂದದ್ದು ಆದಮ್ಮನ ಹೊಲಕ್ಕೆ. ಹಿಂದೆ ಕೂತ ನಿಮಗೆಲ್ಲ ಆ ಹೆಸರು ಕೇಳಿ ಮುಖ ಹೇಗಾಯಿತು ಎಂದು ಇಲ್ಲಿಂದಲೇ ಕಂಡಿತು. ಬೇರೆಯವರಿಗಾಗಿ ಹೇಳುತ್ತೇನೆ. ಆದಮ್ಮ ಗಂಡ ಸತ್ತ ಹೆಣ್ಣುಮಗಳು. ಮೂರು ಎಕರೆ ಹೊಲ, ಹನ್ನೆರಡು ವರ್ಷದ ಒಬ್ಬಳೇ ಮಗಳು ಪಂಪಮ್ಮ. ಊರಿನಲ್ಲಿ ಯಾರ ಮನೆಯಲ್ಲಿ ಬಾಣಂತನವಿದ್ದರೂ ಆದಮ್ಮ ಹೋಗಬೇಕು, ಯಾರ ಮನೆಯಲ್ಲಿ ಹೆಣ ಬಿದ್ದರೂ ಆದಮ್ಮ ಹೋಗಬೇಕು. ಆ ವರ್ಷ ಊರಿನಲ್ಲೇ ಎಲ್ಲರಿಗಿಂತ ಹಾಳಾಗಿದ್ದು ಆಕೆಯ ಜೋಳ.

ಪಕ್ಕದ ಹೊಲದ ಬಂದೇಸಾಬ ಹಗ್ಗದ ಒಂದು ತುದಿ ಹಿಡಿದ. ಚೌಕ ಕಟ್ಟಿ ತೆನೆ ಕೊಯ್ದು ಚೀಲಕ್ಕೆ ತುಂಬಿದೆವು. ನಿಯಮದ ಪ್ರಕಾರ ಆ ಚೀಲಕ್ಕೆ ಮೊಹರು ಹಾಕಿ ಊರ ಚಾವಡಿಯಲ್ಲಿ ಇಡಬೇಕು. ಎಂಟು ದಿನ ಒಣಗಿದ ಮೇಲೆ ನನ್ನ ಕಣ್ಣೆದುರಿಗೆ ಬಡಿಯಬೇಕು. ಆ ದಿನ ಚಾವಡಿಗೆ ಬೀಗ, ಬೀಗದ ಕೈ ಇದ್ದವನು ಮುದಗಲ್ಲಿಗೆ ಹೋಗಿದ್ದ. ಸಂಜೆ ಮಸ್ಕಿಯಲ್ಲಿ ನನ್ನ ಹಿರಿಯ ಮಗಳ ನಿಶ್ಚಿತಾರ್ಥದ ಮಾತುಕತೆ. ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ಆದಮ್ಮನ ಮನೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಉಂಡು, ಚೀಲವನ್ನು ಆಕೆಯ ಪಡಸಾಲೆಯಲ್ಲೇ ಇಟ್ಟು, ಮೊಹರೂ ಇಲ್ಲದೆ ಬರೀ ದಾರ ಸುತ್ತಿ ಹೊರಟುಬಿಟ್ಟೆ. ಬಾಗಿಲವರೆಗೆ ಬಂದು ಆಕೆ ಒಂದು ಮಾತು ಹೇಳಿದಳು.

"ನಮ್ಮ ಮಾವನ ಕಾಲದಿಂದ ಸರ್ಕಾರದವ್ರು ನಮ್ಮ ಕಣಕ್ಕ ಬಂದಿದ್ದು ಇದ ಮೊದಲ್ರಿ ಸಾಹೇಬ್ರ. ಇಂಥಾ ವರ್ಷನ ಬಂದ್ರಿ."

ಆಗ ನಾನು ನಕ್ಕೆ. ಆ ಮಾತು ನನಗೆ ಅರ್ಥವಾಗಬೇಕಿತ್ತು. ನಾನೇನು ಬೇರೆ ಸೀಮೆಯವನೇ? ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ರಾಶಿಯ ದಿನ ಕಣಕ್ಕೆ ಕಾಲಿಟ್ಟವನು ಬಡಿಗನಿರಲಿ, ಕುಂಬಾರನಿರಲಿ, ದಾರಿಯಲ್ಲಿ ಹೊರಟ ಫಕೀರನಿರಲಿ, ಬೊಗಸೆ ಕಾಳಿಲ್ಲದೆ ಹೊರಗೆ ಹೋಗಬಾರದು. ಅಳೆದು ಕೊಡುವುದಾದರೆ ಅಳತೆಯ ಮೇಲೆ ಒಂದು ಬೊಗಸೆ ಹೆಚ್ಚು. ನನ್ನ ತಾಯಿಯೂ ಹಾಗೇ ಮಾಡಿದವಳು. ಮನೆಯಲ್ಲಿ ನಮಗೆ ರೊಟ್ಟಿ ಕಡಿಮೆ ಬಿದ್ದ ವರ್ಷವೂ ಕಣಕ್ಕೆ ಬಂದವರ ಬೊಗಸೆ ಕಡಿಮೆಯಾಗಲಿಲ್ಲ.

ಎಂಟು ದಿನ ಬಿಟ್ಟು ಹೋದೆ. ಆದಮ್ಮ ಚೀಲ ತಂದಿಟ್ಟಳು. ಸಾಹೇಬರು ಬಿಸಿಲಲ್ಲಿ ಕೂತು ಯಾಕೆ ಬಡಿಯಬೇಕು ಎಂದು ತಾನೇ ಬಡಿದು, ತೂರಿ, ಹಸನು ಮಾಡಿಟ್ಟಿದ್ದಳು. ಆ ತೆನೆ ನೋಡಿದ್ದ ನನ್ನ ಅಂದಾಜಿಗೆ ಹೆಚ್ಚೆಂದರೆ ಮುಕ್ಕಾಲು ಕಿಲೋ ಕಾಳು ಬರಬೇಕು. ತಕ್ಕಡಿಯಲ್ಲಿ ಒಂದೂ ಮುಕ್ಕಾಲು ಕಿಲೋ ತೂಗಿತು. ಕೈ ಹಾಕಿ ನೋಡಿದೆ. ಜೊಳ್ಳು ಜೊಳ್ಳು ಕಾಳಿನ ನಡುವೆ ಮುತ್ತಿನಂಥ ದಪ್ಪ ಕಾಳು. ಅದಕ್ಕೆ ಸಣ್ಣಗೆ ಬೂದಿ ಮೆತ್ತಿತ್ತು. ಬೂದಿಯ ಜೊತೆ ಒಂದು ಒಣಗಿದ ಬೇವಿನೆಲೆ.

ಬೇವಿನೆಲೆ ಎಲ್ಲಿರುತ್ತದೆ? ಬಿತ್ತಲು ಇಟ್ಟ ಬೀಜದ ಗಡಿಗೆಯಲ್ಲಿರುತ್ತದೆ. ಹುಳ ಹತ್ತಬಾರದೆಂದು ಬೂದಿ ಕಲಸಿ, ಬೇವಿನೆಲೆ ಹಾಕಿ ಬಾಯಿ ಮುಚ್ಚಿಡಿ ಎಂದು ಊರೂರಿಗೆ ಹೇಳಿಕೊಟ್ಟವನು ನಾನೇ. ಅರೆತುಂಬಿದ ಚೀಲ ಹೊತ್ತು ಸರ್ಕಾರ ತನ್ನ ಕಣದಿಂದ ಹೋಗಬಾರದೆಂದು ಆ ಹೆಣ್ಣುಮಗಳು ಬರುವ ವರ್ಷದ ಬಿತ್ತನೆಯ ಬೀಜದಿಂದ ನಾಲ್ಕು ಬೊಗಸೆ ಎತ್ತಿ ಹಾಕಿದ್ದಳು. ಆ ಚೌಕದ ಒಂದು ಬೊಗಸೆ ಸರ್ಕಾರದ ಗುಣಾಕಾರದಲ್ಲಿ ಎಕರೆಗೆ ನಲವತ್ತು ಕಿಲೋ ಆಗುತ್ತದೆ ಎಂದು ಆಕೆಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವನು ನಾನು.

ನಾನು ಆ ಎಲೆಯನ್ನು ಎತ್ತಿ ಅಂಗಿಯ ಜೇಬಿನಲ್ಲಿ ಹಾಕಿಕೊಂಡೆ. ನಮೂನೆಯಲ್ಲಿ ಒಂದೂ ಮುಕ್ಕಾಲು ಎಂದು ಬರೆದೆ.

ಯಾಕೆ ಬರೆದೆ? ಕಾಳು ಬೆರಕೆಯಾಗಿದೆ ಎಂದು ಬರೆದರೆ ಆಕೆಯ ಮೇಲೆ ವಿಚಾರಣೆಯಾಗುತ್ತಿತ್ತು, ಆಕೆಯನ್ನು ಉಳಿಸಲು ಬರೆದೆ ಎಂದು ಹತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಲ ಕೊಯ್ದಾಗಿತ್ತು, ಮತ್ತೊಮ್ಮೆ ಪ್ರಯೋಗ ಮಾಡಲು ತೆನೆಯೇ ಉಳಿದಿರಲಿಲ್ಲ ಎಂದೂ ಹೇಳಿಕೊಂಡೆ.

ಇಲ್ಲ. ಇವತ್ತೂ ಸುಳ್ಳು ಹೇಳುತ್ತಿದ್ದೇನೆ. ಹೊಲ ಪೂರಾ ಕೊಯ್ದಿರಲಿಲ್ಲ. ನಾನು ನಿಂತ ಜಾಗದಿಂದ ಕಾಣುವಂತೆ ಒಂದು ಎಕರೆ ಜೋಳ ಹಾಗೇ ನಿಂತಿತ್ತು. ಮತ್ತೊಂದು ಚೌಕ ಕಟ್ಟಿದ್ದರೆ ಎರಡು ತಾಸಿನ ಕೆಲಸ. ಆದರೆ ಮೊದಲನೆಯದು ಯಾಕೆ ಕೆಟ್ಟಿತು ಎಂದು ಬರೆಯಬೇಕು. ಚೀಲಕ್ಕೆ ಮೊಹರು ಯಾಕಿಲ್ಲ, ರೈತಳ ಮನೆಯಲ್ಲಿ ಯಾಕಿತ್ತು ಎಂದು ಮೇಲಿನವರು ಕೇಳುತ್ತಾರೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದಿತ್ತು. ಮಗಳ ನಿಶ್ಚಿತಾರ್ಥದ ಮಾತು ಮುಗಿದು ಎಂಟು ದಿನವಾಗಿತ್ತು. ನನಗೆ ಹೆದರಿಕೆಯಾಯಿತು. ಇಷ್ಟೇ ಕಾರಣ, ಬೇರೆ ಇಲ್ಲ.

ಎರಡು ತಿಂಗಳ ಮೇಲೆ ಪಟ್ಟಿ ಬಂತು. ಹೋಬಳಿಯ ಸರಾಸರಿಯು ಸರ್ಕಾರ ಹಾಕಿದ ಗೆರೆಗಿಂತ ಎಕರೆಗೆ ಆರು ಕಿಲೋ ಮೇಲಿತ್ತು. ಯಾರಿಗೂ ಸಹಾಯಧನ ಇಲ್ಲ. ಆ ನಾಲ್ಕು ಬೊಗಸೆ ತೆಗೆದು ಲೆಕ್ಕ ಹಾಕಿದರೆ ಗೆರೆಗಿಂತ ಹತ್ತು ಕಿಲೋ ಕೆಳಗೆ. ಪಟ್ಟಿಯನ್ನು ಚಾವಡಿಯ ಗೋಡೆಗೆ ಹಚ್ಚಿದರು. ಹತ್ತು ಹೊಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಳೆದದ್ದು ಯರಿಹಾಳದ ಆದಮ್ಮನ ಹೊಲ ಎಂದು ಅದರಲ್ಲಿತ್ತು. ಆ ಹೊಲ ಎಂಥದ್ದೆಂದು ಕಣ್ಣಾರೆ ಕಂಡ ಊರಿನವರಿಗೆ ಹೇಗನ್ನಿಸಬೇಕು?

ನಿಮ್ಮನ್ನು ನಾನು ತಪ್ಪು ಅನ್ನುವುದಿಲ್ಲ. ಕನಕರಾಯಪ್ಪನವರೇ, ಆ ವರ್ಷ ನೀವು ಮುದಗಲ್ಲ ಸಂತೆಯಲ್ಲಿ ಎತ್ತಿನ ಜೋಡಿ ಮಾರಿದಿರಿ. ಊರಿನ ಅರ್ಧ ಜನ ಭತ್ತದ ನಾಟಿಗೆ ಸಿಂಧನೂರಿನ ಕಡೆ ಹೋದರು. ಸಿಟ್ಟು ಬರದೆ ಇರುತ್ತದೆಯೇ? ಚಾವಡಿಯ ಮುಂದೆ ನಿಂತು ನೀವು ಆಕೆಯನ್ನು ಕೇಳಿದ ಮಾತು ಬಂದೇಸಾಬ ನನಗೆ ಹೇಳಿದ್ದಾನೆ. ಸರ್ಕಾರದವರು ನಿನಗೆ ಏನು ಕೊಟ್ಟರು ಎಂದು ಕೇಳಿದಿರಿ. ಆಕೆ ಉತ್ತರ ಕೊಡಲಿಲ್ಲ, ತಲೆ ತಗ್ಗಿಸಿಕೊಂಡು ಹೋದಳು. ಉತ್ತರ ಕೊಡದವಳು ತಪ್ಪು ಮಾಡಿದವಳು ಎಂದುಕೊಂಡಿರಿ. ಉತ್ತರ ಯಾಕೆ ಕೊಡಲಿಲ್ಲ ಎಂದು ಈಗ ಕೇಳಿ.

ಪಟ್ಟಿ ಹಚ್ಚಿದ ಮಾರನೆಯ ದಿನ ಆಕೆ ಲಿಂಗಸುಗೂರಿಗೆ ಬಂದಿದ್ದಳು. ಆಫೀಸಿನ ಒಳಗೆ ಬರಲಿಲ್ಲ, ಹೊರಗೆ ಸೈಕಲ್ ನಿಲ್ಲಿಸುವ ಕಡೆ ನಿಂತಿದ್ದಳು. ನಾನು ಹೊರಗೆ ಬಂದ ಕೂಡಲೆ ಕೇಳಿದಳು.

"ಕಣಕ್ಕ ಬಂದವ್ರನ್ನ ಬರೇ ಕೈಲೆ ಕಳಸಬಾರ್ದಂತ ನಾಲ್ಕು ಬೊಗಸಿ ಬೀಜದ ಜ್ವಾಳ ಹಾಕಿದ್ನೆಪ್ಪ. ಅದರಿಂದನ ಹಿಂಗಾತೇನ್ರಿ ಸಾಹೇಬ್ರ? ಊರಾಗ ಎಲ್ಲಾರ ಮುಂದ ಹೇಳಿಬಿಡ್ತೀನ್ರಿ. ತಿಳೀಲಾರದ ಮಾಡೀನಿ, ಕಾಲು ಹಿಡಕೋತೀನಿ. ನೀವು ಇನ್ನೊಮ್ಮಿ ಬಂದು ತೂಗ್ರಿ."

ಸಭಿಕರೇ, ಆಗಲೂ ಕಾಲ ಮೀರಿರಲಿಲ್ಲ. ಆಕ್ಷೇಪಣೆ ಕೊಡಲು ಪಟ್ಟಿಯಲ್ಲೇ ಹದಿನೈದು ದಿನ ಇತ್ತು. ನಾನೇನು ಹೇಳಿದೆ ಗೊತ್ತೇ?

"ಯಾರ ಮುಂದೂ ಬಾಯಿ ಬಿಡಬ್ಯಾಡ ಯಕ್ಕಾ," ಅಂದೆ. "ಚೀಲ ನಿನ್ನ ಮನ್ಯಾಗ ಇಟ್ಟಿದ್ದು ಗೊತ್ತಾದ್ರ ನನ್ನ ನೌಕರಿ ಹೊಕ್ಕೈತಿ."

ಆರಿಸಬೇಕಾದವಳು ಆಕೆ. ಊರಿಗೆ ಊರೇ ಒಂದು ಕಡೆ, ತನ್ನ ಮನೆಯಲ್ಲಿ ಎರಡು ರೊಟ್ಟಿ ಉಂಡುಹೋದವನು ಒಂದು ಕಡೆ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನಿಮಗೆ ಈಗಾಗಲೇ ಗೊತ್ತಾಗಿದೆ. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನಿಮಗೂ ಹೆಣ್ಮಕ್ಳದಾರ. ನಾ ಯಾಕ ಹೇಳ್ಲಿ, ಬಿಡ್ರಿ."

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಆ ಮಾತನ್ನು ಆಕೆ ಕೊನೆಯವರೆಗೂ ಉಳಿಸಿಕೊಂಡಳು. ಅದೇ ದೀಪಾವಳಿಗೆ ನನಗೆ ಬಡ್ತಿ ಸಿಕ್ಕಿತು. ಇವತ್ತು ಹನ್ನೊಂದು ಸಲ ಹೊಗಳಿಸಿಕೊಂಡ ಪ್ರಾಮಾಣಿಕತೆಗೆ ದಾಖಲೆ ಎಂದರೆ ಆ ಬಡ್ತಿಯ ಆದೇಶ.

ಆಮೇಲೆ ಯರಿಹಾಳಕ್ಕೆ ನಾನು ಹೋಗಲಿಲ್ಲ. ಗುರುಗುಂಟಾಕ್ಕೆ ಕೆಲಸವಿದ್ದರೆ ಸುತ್ತು ದಾರಿ ಹಿಡಿದು ಹೋಗುತ್ತಿದ್ದೆ. ಕೊನೆಕೊನೆಗೆ ಸೈಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ ಬಂದ ಮೇಲೆ ಸುತ್ತು ದಾರಿ ಸುಲಭವಾಯಿತು. ಸುದ್ದಿ ಮಾತ್ರ ಬಂದೇಸಾಬನಿಂದ ಬರುತ್ತಿತ್ತು. ಆಕೆಯನ್ನು ಯಾರೂ ಬೈಯುತ್ತಿರಲಿಲ್ಲವಂತೆ. ಬಾವಿಯ ಹತ್ತಿರ ಜಾಗವನ್ನೂ ಬಿಡುತ್ತಿದ್ದರಂತೆ. ಬಾಣಂತನಕ್ಕೆ ಮಾತ್ರ ಕರೆಯುವುದು ನಿಂತಿತು. ರಾಶಿಯ ದಿನ ಆಕೆಯ ಕಣಕ್ಕೆ ಬರುವುದು ನಿಂತಿತು. ಬಡಿಗ ಬರಲಿಲ್ಲ, ಕುಂಬಾರ ಬರಲಿಲ್ಲ, ಮಕ್ಕಳನ್ನೂ ಕಳಿಸಲಿಲ್ಲ. ಬಂದೇಸಾಬನೊಬ್ಬ ಹೋಗಿ ಒಂದು ಬೊಗಸೆ ಇಸಿದುಕೊಂಡು ಬರುತ್ತಿದ್ದ. ರಾಶಿ ಮುಗಿಸಿ, ಬೊಗಸೆ ಕೊಡಲು ಒಂದು ಮೊರದಲ್ಲಿ ಕಾಳು ಹಾಕಿಕೊಂಡು ಆಕೆ ಸಂಜೆಯವರೆಗೆ ಕಣದ ದಾರಿ ನೋಡುತ್ತಾ ಕೂಡುತ್ತಿದ್ದಳಂತೆ. ಹತ್ತು ಸುಗ್ಗಿ ಹೀಗೇ ಕೂತಳು. ಹೆಚ್ಚು ಕೊಟ್ಟದ್ದೇ ಆಕೆಯ ತಪ್ಪು, ಆಕೆ ಕೊಡುವುದನ್ನು ಯಾರೂ ಮುಟ್ಟದಿದ್ದದ್ದೇ ಆಕೆಯ ಶಿಕ್ಷೆ. ಆ ಶಿಕ್ಷೆ ನನ್ನದು. ಅದನ್ನು ನೆನೆದಾಗಲೆಲ್ಲ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆದರೂ ಉಂಡೆ.

ಈ ಸಂಕ್ರಾಂತಿಯ ವಾರದಲ್ಲಿ ಆದಮ್ಮ ತೀರಿಕೊಂಡಳು. ನನಗೆ ಮೂರು ದಿನ ಬಿಟ್ಟು ಗೊತ್ತಾಯಿತು. ಜ್ವರ ಬಂದಿತ್ತಂತೆ, ನಾಲ್ಕೇ ದಿನ. ಹೇಳಬೇಕಾದವಳಿಗೆ ಹೇಳಿ ಕ್ಷಮೆ ಕೇಳಲು ಎರಡು ತಾಸಿನ ದಾರಿ, ಹತ್ತು ವರ್ಷ ಸಮಯ ನನಗಿತ್ತು. ಹೋಗಲಿಲ್ಲವಲ್ಲ ಎಂದು ಈಗ ಅಳುವುದರಿಂದ ಏನು ಬಂತು?

ಅಧ್ಯಕ್ಷರೇ, ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ನಾನು ಒಂದು ಲಕೋಟೆ ಇಟ್ಟೆ. ನೀವು ಓದದೆ ನಗುತ್ತಾ ಜೇಬಿನಲ್ಲಿ ಇಟ್ಟುಕೊಂಡಿರಿ, ಆಭಾರಪತ್ರ ಅಂದುಕೊಂಡಿರಬೇಕು. ಇಲ್ಲಿ ಹೇಳಿದ್ದೆಲ್ಲ ಅದರಲ್ಲಿ ಬರೆದು ಸಹಿ ಮಾಡಿದ್ದೇನೆ. ಆ ಬೇವಿನೆಲೆಯೂ ಅದರಲ್ಲಿದೆ, ಹತ್ತು ವರ್ಷ ನನ್ನ ಡೈರಿಯಲ್ಲಿತ್ತು, ಮುಟ್ಟಿದರೆ ಪುಡಿಯಾಗುತ್ತದೆ, ಜೋಪಾನ. ಪಿಂಚಣಿ ನಿಲ್ಲಿಸುವ ಅಧಿಕಾರ ನಿಮಗಿದೆ. ಸೂಗಮ್ಮ, ನಿನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ನೀನು ನನ್ನನ್ನು ಹತ್ತು ವರ್ಷದ ಹಿಂದೆಯೇ ಯರಿಹಾಳಕ್ಕೆ ಕಳಿಸುತ್ತಿದ್ದೆ. ಅದು ಗೊತ್ತಿದ್ದೇ ಹೇಳಲಿಲ್ಲ.

ಇನ್ನೊಂದೇ ಮಾತು. ಹಾರ ಹಾಕುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ವೇದಿಕೆ ಹತ್ತಿ ಒಂದು ಬಟ್ಟೆಯ ಚೀಲ ಕೊಟ್ಟದ್ದನ್ನು ನೀವೆಲ್ಲ ನೋಡಿದಿರಿ. ನಿರೂಪಣೆ ಮಾಡುವವರು ಹೆಸರು ಕೇಳದೆ ಚೀಲವನ್ನು ಕುರ್ಚಿಯ ಕೆಳಗೆ ಇಟ್ಟರು. ಆಕೆಯ ಹೆಸರು ಪಂಪಮ್ಮ, ಆದಮ್ಮನ ಮಗಳು. ಚೀಲದಲ್ಲಿರುವುದು ಈ ವರ್ಷದ ಜೋಳ, ಆದಮ್ಮ ತನ್ನ ಕೈಯಾರೆ ಬಿತ್ತಿದ ಕೊನೆಯ ಬೆಳೆ. ಸಾಯುವ ಹಿಂದಿನ ದಿನ ತಾಯಿ ಹೇಳಿದ ಮಾತನ್ನು ಆಕೆ ಇಲ್ಲಿ ನನ್ನ ಕಿವಿಯಲ್ಲಿ ಹೇಳಿಹೋದಳು.

"ಸಾಹೇಬ್ರು ಅವತ್ತು ತೂಗಿ ಬರಕೊಂಡು ಹ್ವಾದ್ರು, ತಮಗಂತ ಒಂದು ಬೊಗಸಿ ಒಯ್ಯಲಿಲ್ಲ. ಅವರ ನೌಕರಿ ಮುಗಿದ ದಿನ ಕೊಟ್ಟು ಬಾ ಅಂದಾಳ್ರಿ ನಮ್ಮವ್ವ."

ಮಗಳಿಗೆ ಬೇರೆ ಏನನ್ನೂ ಹೇಳಿರಲಿಲ್ಲ. ನನ್ನಿಂದ ಕೆಟ್ಟದ್ದೆಲ್ಲವನ್ನೂ ಪಂಪಮ್ಮ ಈಗ, ನಿಮ್ಮ ಜೊತೆ ಕೂತು, ಮೊದಲ ಸಲ ಕೇಳುತ್ತಿದ್ದಾಳೆ. ಆಕೆಯ ಮುಖ ನೋಡುವ ಯೋಗ್ಯತೆ ನನಗಿಲ್ಲ, ಅದಕ್ಕೇ ಆಕೆ ಕೂತ ಕಡೆ ನೋಡದೆ ಮಾತಾಡುತ್ತಿದ್ದೇನೆ.

ಯರಿಹಾಳದ ಹಿರಿಯರೇ, ಬಂದೇಸಾಬನನ್ನು ಮನೆಮನೆಗೆ ಕಳಿಸಿ ನಿಮ್ಮನ್ನು ಕರೆಸಿದ್ದು ಇದಕ್ಕೇ. ನನ್ನ ಮೇಲೆ ಸಿಟ್ಟಾಗಿ, ಅದು ನಿಮ್ಮ ಹಕ್ಕು. ಆ ಸಹಾಯಧನವನ್ನು ನಾನು ಈ ಜನ್ಮದಲ್ಲಿ ತಂದುಕೊಡಲಾರೆ. ಈ ಚೀಲ ಆದಮ್ಮ ನನಗೆ ಕೊಟ್ಟದ್ದು, ಆದರೆ ನಾನೊಬ್ಬನೇ ಒಯ್ಯುವಂಥದ್ದಲ್ಲ. ಸಭೆ ಮುಗಿದ ಮೇಲೆ ಪಂಪಮ್ಮ ಒಪ್ಪಿದರೆ ಇದನ್ನು ಹಿಡಿದು ಬಾಗಿಲಲ್ಲಿ ನಿಲ್ಲಲಿ. ಹೋಗುವಾಗ ಒಬ್ಬೊಬ್ಬರೂ ಒಂದು ಬೊಗಸೆ ಇಸಿದುಕೊಳ್ಳಿ. ಕನಕರಾಯಪ್ಪನವರೇ, ಮೊದಲು ನೀವು ಕೈಯೊಡ್ಡಬೇಕು. ಪಕ್ಕದಲ್ಲಿ ನಿಂತು ಎಣಿಸುವವನು ನಾನು. ನಿಮ್ಮ ಬೊಗಸೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇನೆ.

ಇಷ್ಟು ಹೊತ್ತು ಸಹಿಸಿಕೊಂಡದ್ದಕ್ಕೆ ಎಲ್ಲರಿಗೂ ಉಪಕಾರ. ಈ ಹಾರವನ್ನು ಇಲ್ಲೇ ಮೇಜಿನ ಮೇಲೆ ತೆಗೆದಿಡುತ್ತೇನೆ. ನಮಸ್ಕಾರ.